ವಿಜ್ಞಾಪನೆಯ ಚೀಟಿ

ಜಡೆ ಹೆಣೆಯಲು ಕೂತ ಮಗುವಿನ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನನ್ನು ಓದುವ ಕೆಲಸವನ್ನು ದಯಾಮಣಿ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಮಾಡುತ್ತಿದ್ದಳು. ಇವತ್ತು ಎಷ್ಟು ಓದಿದರೂ ಒಂದಕ್ಷರ ತಿಳಿಯಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಬಂದ ಬಿಸಿಲು ಎರಡನೇ ಮಹಡಿಯ ಕಿಟಕಿ ದಾಟಿ ಪ್ರೇರಣಾಳ ಕತ್ತಿನ ಮೇಲೆ ಬಿದ್ದಿತ್ತು. ಅಲ್ಲೊಂದು ಸಣ್ಣ ಮಚ್ಚೆ, ಬಾಚಣಿಗೆಗೆ ಸಿಗದ ನಾಲ್ಕು ಮರಿಗೂದಲು. “ಬಿಗಿಯಾಯ್ತಾ ಪುಟ್ಟ?” “ಇಲ್ಲ ಆಂಟಿ.” “ಸಡಿಲ ಮಾಡ್ಲಾ?” “ಬೇಡ.” ಅಷ್ಟೇ. ಮೊದಲಾಗಿದ್ದರೆ ಇದೇ ಹುಡುಗಿ ಜಡೆ ಮುಗಿಯುವುದರೊಳಗೆ ಶಾಲೆಯ ವ್ಯಾನಿನ ಡ್ರೈವರಣ್ಣ ಹೆಣ್ಣು ನೋಡಲು ಹೋಗಿ ಮೂರು ತಟ್ಟೆ ಉಪ್ಪಿಟ್ಟು ತಿಂದು ಬಂದ ಕಥೆ, ಸಮಾಜ ಪಾಠದ ಮಿಸ್ ಮೊಬೈಲಿನಲ್ಲಿ ಗಂಡನಿಗೆ ಬೈದ ಕಥೆ, ಎಲ್ಲವನ್ನೂ ಆಯಾ ಜನರ ದನಿಯಲ್ಲೇ ಒಪ್ಪಿಸಿ, ತಲೆಯನ್ನು ಅತ್ತಿತ್ತ ಆಡಿಸಿ, “ನೆಟ್ಟಗೆ ಕೂತ್ಕೋ ಕತ್ತೆ” ಎಂದು ಬೈಸಿಕೊಳ್ಳುತ್ತಿದ್ದಳು. ಹಾಗೆ ಬೈಯುವ ಹಕ್ಕು ತನ್ನ ಕೈಜಾರಿದೆ ಎಂದು ದಯಾಮಣಿಗೆ ಅನಿಸುತ್ತಿತ್ತು. ತಪ್ಪು ಮಾಡಿ ಕೂತವಳು ಇನ್ನೊಬ್ಬರನ್ನು ಯಾವ ಬಾಯಲ್ಲಿ ಕತ್ತೆ ಅನ್ನುವುದು?

ಹನ್ನೊಂದು ಗಂಟೆಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇರಬೇಕಿತ್ತು. ಮಗುವನ್ನು ಕರೆತಂದ ಹೊಸದರಲ್ಲಿ ಕೆಳಗಿನ ಮನೆಯ ಲಕ್ಷ್ಮಿದೇವಮ್ಮ, ಮನೆಯ ಮಾಲೀಕರು, ಮೆಟ್ಟಿಲ ಹತ್ತಿರವೇ ತಡೆದು “ದತ್ತು ತಗೊಂಡ್ರೇನಮ್ಮ?” ಎಂದಿದ್ದರು. ಇಲ್ಲಮ್ಮ, ಇದಕ್ಕೆ ಫಾಸ್ಟರ್ ಕೇರ್ ಅಂತಾರೆ, ಅವಳ ಮನೆಯವರ ಸ್ಥಿತಿ ಸರಿಹೋಗೋ ತನಕ ನಮ್ಮನೇಲಿ ಬೆಳೀತಾಳೆ, ವರ್ಷಕ್ಕೊಂದ್ಸಲ ಸಮಿತಿಯವರು ನೋಡಿ ಮುಂದುವರಿಸ್ತಾರೆ, ಸರಿ ಕಾಣದಿದ್ರೆ ಬಾಲಮಂದಿರಕ್ಕೆ ಕಳಿಸ್ತಾರೆ, ಎಂದು ದಯಾಮಣಿ ಬಿಡಿಸಿ ಹೇಳಿದ್ದಳು. ಲಕ್ಷ್ಮಿದೇವಮ್ಮ ಎಲ್ಲ ಕೇಳಿ, “ಹಂಗಾದ್ರೆ ಬಾಡಿಗೆ ಮಗು ಅನ್ನಿ. ಹನ್ನೊಂದು ತಿಂಗಳ ಅಗ್ರಿಮೆಂಟು!” ಎಂದು ತಾವೇ ನಕ್ಕಿದ್ದರು. ದಯಾಮಣಿಯೂ ನಕ್ಕಿದ್ದಳು, ನೀರಿನ ಪಂಪು ಅವರ ಕೈಯಲ್ಲಿತ್ತು. ಆ ನಗು ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವಳನ್ನು ಕಾಡುತ್ತಿತ್ತು. ಇವತ್ತು ಅಗ್ರಿಮೆಂಟು ಮುಗಿಯುವ ದಿನ.

ಪ್ರೇರಣಾ ಎದ್ದು ಕನ್ನಡಿಯ ಮುಂದೆ ನಿಂತು, ಗಟ್ಟಿಯನ್ನು ನೀರಿಗೆ ತಾಕಿಸಿ ಮೂರು ಬೆರಳಿನಲ್ಲಿ ಹಣೆಗೆ ವಿಭೂತಿ ಎಳೆದುಕೊಂಡಳು. ಅದನ್ನು ಅವಳೇ ಮಾಡಿಕೊಳ್ಳಬೇಕು, ಯಾರೂ ಮುಟ್ಟುವಂತಿಲ್ಲ. ಕತ್ರಿಗುಪ್ಪೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಅವಳಪ್ಪ ಗೌರೀಶಂಕರ, ಹೆಂಡತಿ ತೀರಿಕೊಂಡ ಆರು ತಿಂಗಳಿಗೆ, ಮಗಳನ್ನು ಪಕ್ಕದ ಅಂಗಡಿಯಲ್ಲಿ “ಅರ್ಧ ಗಂಟೆ ನೋಡ್ಕೊಳ್ರಿ” ಎಂದು ಕೂರಿಸಿ ಹೋದವನು ಇನ್ನೂ ಬಂದಿರಲಿಲ್ಲ. ರಾಣೆಬೆನ್ನೂರಿನ ಕಡೆಯ ಹಳ್ಳಿಯಲ್ಲಿರುವ ಅಜ್ಜಿ ಶಿವವ್ವನಿಗೆ ಕಣ್ಣು ಮಂಜು. ಸಮಿತಿಯವರು ಕ್ರೈಸ್ತರ ಮನೆ ಒಪ್ಪಿಗೆಯೇ ಎಂದು ಕೇಳಿದಾಗ ಆಕೆ ಫೋನಿನಲ್ಲಿ ನೇರವಾಗಿ ದಯಾಮಣಿಯನ್ನೇ ಕರೆಸಿಕೊಂಡು, “ನಿಮ್ಮ ದೇವರು ನಿಮಗ, ನಮ್ಮ ಶಿವ ನಮಗ. ಕೂಸಿನ ಹಣಿ ಮ್ಯಾಲಿನ ವಿಭೂತಿ ಒಂದು ಬಿಡಿಸಬ್ಯಾಡ ಯವ್ವಾ, ಉಳಿದದ್ದು ನಿನ್ನ ಕೈಯಾಗ ಐತಿ” ಎಂದಿದ್ದಳು. ಮಾತು ಕೊಟ್ಟಾದ ಮೇಲೆ ಬನಶಂಕರಿಯ ಮಾರುಕಟ್ಟೆಗೆ ಹೋಗಿ, ಬೊಟ್ಟಿಲ್ಲದ ಬೋಳು ಹಣೆಯಲ್ಲಿ ಪೂಜೆ ಸಾಮಾನಿನ ಗ್ರಂದಿಗೆ ಅಂಗಡಿಯ ಮುಂದೆ ನಿಂತು ವಿಭೂತಿ ಕೇಳಿದ್ದಳು, ಅಂಗಡಿಯವನು “ಗಟ್ಟೀನಾ, ಪುಡೀನಾ?” ಎಂದಾಗ ಪರೀಕ್ಷೆಯಲ್ಲಿ ಉತ್ತರ ತಿಳಿಯದ ಹುಡುಗಿಯಂತೆ ತಬ್ಬಿಬ್ಬಾಗಿ ಎರಡನ್ನೂ ಕಟ್ಟಿಸಿಕೊಂಡು ಬಂದಿದ್ದಳು. ಹೀಗೆ ಚರ್ಚಿನ ಭಾನುವಾರದ ಆರಾಧನೆಗೆ ಆ ಮೂರು ಬಿಳಿ ಗೆರೆಗಳೂ ಬಂದು ಮೂರನೇ ಬೆಂಚಿನಲ್ಲಿ ಕೂತವು. ಮೊದಲ ವಾರ ಯಾರೋ ಹೊಸಬರು ತಿರುತಿರುಗಿ ನೋಡುತ್ತಿದ್ದಾಗ ಹಿಂದಿನ ಬೆಂಚಿನ ಸ್ಟೆಲ್ಲಾ ಟೀಚರ್, “ಏನ್ ಸಾರ್, ಹಾಡು ಅಲ್ಲಿ ಬರ್ದಿದ್ಯಾ? ಪುಸ್ತಕ ನೋಡಿ, ನೂರಾ ಹನ್ನೆರಡು” ಎಂದು ಇಡೀ ಸಭೆಗೆ ಕೇಳುವಂತೆ ಹೇಳಿದ್ದರು. ಸ್ಟೆಲ್ಲಾ ಟೀಚರಿಗೆ ಪಿಸುಮಾತು ಬರುವುದಿಲ್ಲ. ಮೂವತ್ತೈದು ವರ್ಷ ಅರವತ್ತು ಮಕ್ಕಳ ಕ್ಲಾಸಿಗೆ ಪಾಠ ಮಾಡಿದ ಗಂಟಲು ಅದು.

“ದಯಾ, ಆಟೋ ಬಂತು” ಎಂದು ಗಂಡ ಪ್ರಮೋದ್ ಕೆಳಗಿನಿಂದ ಕೂಗಿದ. ಆಟೋದಲ್ಲಿ ಪ್ರೇರಣಾ ಇಬ್ಬರ ನಡುವೆ ಕೂತಳು, ಯಾರಿಗೂ ತಾಗದಂತೆ ಭುಜ ಮುದುಡಿಕೊಂಡು. ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಪ್ರಮೋದ್ ಮಗುವಿನ ತಲೆಯ ಮೇಲಿಂದ ಹೆಂಡತಿಗೆ ಮೆಲ್ಲಗೆ ಹೇಳಿದ: “ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಸೆಕೆ ಅಂತ ಹೇಳಾಗಿದೆ. ಸೆಕೆ ಅಂತ್ಲೇ ಇರ್ಲಿ.” ದಯಾಮಣಿ ತಲೆಯಾಡಿಸಿದಳು. ಸೆಕೆ. ಜೂನ್ ತಿಂಗಳು, ಗಾಳಿಯಲ್ಲಿ ಮಳೆಯ ತಂಪಿತ್ತು, ಆದರೂ ಆ ಮಾತಿಗೆ ಅವಳ ಕುತ್ತಿಗೆ ಬೆವರಿತು. ಮೇ ತಿಂಗಳಲ್ಲಿ ಮಕ್ಕಳ ರಕ್ಷಣಾ ಘಟಕದ ಅಧಿಕಾರಿ ಶಾಂತಲಾ ಮನೆ ನೋಡಲು ಬಂದಾಗ, ಮಂಚ ಖಾಲಿಯಿದ್ದು ಪಕ್ಕದ ನೆಲದ ಮೇಲೆ ಚಾಪೆ ಸುತ್ತಿಟ್ಟಿದ್ದನ್ನು ಕಂಡು “ಮಗು ಕೆಳಗೆ ಮಲಗುತ್ತಾ?” ಎಂದು ಕೇಳಿದ್ದಳು. “ಸೆಕೆ ಅಲ್ವಾ ಮೇಡಂ” ಎಂಬ ಉತ್ತರ ದಯಾಮಣಿಯ ಬಾಯಿಂದ ಎಷ್ಟು ಸಲೀಸಾಗಿ ಬಂದಿತ್ತು! ಜೀವಮಾನವೆಲ್ಲ ಅಭ್ಯಾಸ ಮಾಡಿದ್ದಳೇನೋ ಎಂಬಂತೆ. ಶಾಂತಲಾ ಬರೆದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಪ್ರೇರಣಾ ಕೇಳಿಸಿಕೊಂಡಳು. ಹಾಗೆ ಒಂದು ತಪ್ಪಿನ ಮೇಲೆ ಎರಡನೆಯದಾಯಿತು.

ಮೊದಲನೆಯದು ಮಾರ್ಚ್ ತಿಂಗಳ ಕೊನೆಯ ಭಾನುವಾರ ಆದದ್ದು. ಅವರ ಚರ್ಚಿನ ಸಭೆಯಲ್ಲಿ ಮೂರು ಮನೆಯವರು ಹೀಗೆ ಮಕ್ಕಳನ್ನು ಇಟ್ಟುಕೊಂಡಿದ್ದರು. ಆ ಮೂರು ಮನೆಗಳನ್ನು ಉಳಿದ ಮನೆಗಳು ಹೊತ್ತುಕೊಂಡಿದ್ದವು. ಮಂಗಳವಾರ ಗಣಿತ ಹೇಳಿಕೊಡಲು ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಜ್ವರ ಬಂದರೆ ಡಾಕ್ಟರ ಮನೆಯವರು, ದಯಾಮಣಿ ಕೆಲಸಕ್ಕೆ ಹೋಗುವ ಲ್ಯಾಬಿನಲ್ಲಿ ತಡವಾದರೆ ವ್ಯಾನಿನಿಂದ ಇಳಿಸಿಕೊಳ್ಳಲು ಬಿಟಿಎಂ ಲೇಔಟಿನ ಗಂಡಹೆಂಡತಿ. ಪಾಳಿಯ ಪಟ್ಟಿ ವೇದಿಕೆಯ ಹಿಂದಿನ ಕೋಣೆಯಲ್ಲಿ ಅಂಟಿಸಿರುತ್ತಿತ್ತು. ಇಷ್ಟೊಂದು ಕೈಗಳು ಹಿಡಿದಿದ್ದೂ ಒಂದು ವಿಷಯವನ್ನು ದಯಾಮಣಿ ಮನೆಯ ಹೊರಗೆ ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ: ಬೆಳಿಗ್ಗೆ ಬೆಳಿಗ್ಗೆ ಒದ್ದೆಯಾದ ಹಾಸಿಗೆ. ಡಾಕ್ಟರು ಕಾಲಕ್ಕೆ ಸರಿಹೋಗುತ್ತದೆ ಎಂದಿದ್ದರು, ಪ್ರೇರಣಾ “ಯಾರ್ಗೂ ಹೇಳ್ಬೇಡಿ ಆಂಟಿ” ಎಂದಿದ್ದಳು. ದೇವರಿಗೆ ಹೇಳಿದರೆ ಯಾರಿಗೋ ಹೇಳಿದಂತಾಗುತ್ತದೆ ಎಂದು ದಯಾಮಣಿಗೆ ಹೊಳೆಯಲೇ ಇಲ್ಲ. ಚರ್ಚಿನ ಬಾಗಿಲಲ್ಲಿ ಒಂದು ಮರದ ಪೆಟ್ಟಿಗೆ, ಕಷ್ಟವಿದ್ದವರು ಚೀಟಿ ಬರೆದು ಹಾಕುತ್ತಾರೆ. ತಿಂಗಳ ಕೊನೆಯ ಭಾನುವಾರ ಹಿರಿಯರೊಬ್ಬರು ಅವನ್ನು ಓದಿ ವಿಜ್ಞಾಪನೆಯ ಪ್ರಾರ್ಥನೆ ಮಾಡುತ್ತಾರೆ. ಓದಬಾರದ ಚೀಟಿಯ ಮೇಲೆ ‘ಖಾಸಗಿ’ ಎಂದು ಬರೆಯಬೇಕು. ಆ ತಿಂಗಳ ಪಾಳಿ ಸ್ಟೆಲ್ಲಾ ಟೀಚರದು. ಕಾಣಿಕೆಯ ಹಾಡು ಮುಗಿದಿತ್ತು, ಫ್ಯಾನುಗಳು ತಿರುಗುತ್ತಿದ್ದವು, ಎಲ್ಲರೂ ಕಣ್ಣು ಮುಚ್ಚಿದ್ದರು. ಮೊಣಕಾಲು ನೋವು, ವೀಸಾ, ಮನೆಯ ಖಾತೆ, ಇವುಗಳ ನಡುವೆ ಆ ದೊಡ್ಡ ಗಂಟಲು ಓದಿತು: “ನಮ್ಮ ಮನೆಯಲ್ಲಿರುವ ಹತ್ತು ವರ್ಷದ ಪ್ರೇರಣಾಳಿಗೆ ಹಾಸಿಗೆ ಒದ್ದೆಯಾಗುವ ತೊಂದರೆಯಿಂದ ಬಿಡುಗಡೆಯಾಗುವಂತೆಯೂ, ಒಗೆಯುವ ನನಗೆ ತಾಳ್ಮೆ ಸಿಗುವಂತೆಯೂ.” ಆಮೇಲೆ ಎಡಬದಿಯ ಸಂಡೇ ಸ್ಕೂಲಿನ ಮಕ್ಕಳ ಬೆಂಚಿನಿಂದ ಮೂಗಿನಲ್ಲಿ ತಡೆದ ಒಂದು ನಗು. ದಯಾಮಣಿ ಕಣ್ಣು ಬಿಟ್ಟಳು. ಪಕ್ಕದಲ್ಲಿ ಪ್ರೇರಣಾ ಕಣ್ಣು ಮುಚ್ಚಿಯೇ ಕೂತಿದ್ದಳು, ಕೈ ಜೋಡಿಸಿಯೇ ಇದ್ದವು, ಎರಡು ಕಿವಿಗಳು ಮಾತ್ರ ಕೆಂಡದ ಹಾಗೆ.

‘ಖಾಸಗಿ’ ಎಂದು ಬರೆಯಲು ಮರೆತೆನೇ? ಈ ಪ್ರಶ್ನೆಯನ್ನು ದಯಾಮಣಿ ಪಾತ್ರೆ ತೊಳೆಯುವಾಗ, ಲ್ಯಾಬಿನಲ್ಲಿ ರಕ್ತದ ಸೀಸೆಗಳಿಗೆ ಹೆಸರು ಅಂಟಿಸುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ ಕೇಳಿಕೊಂಡಿದ್ದಳು. ಮರೆವು ಎಂದು ಎಲ್ಲರಿಗೂ ಹೇಳಿದ್ದಳು, ಪ್ರಮೋದನಿಗೂ. ಆದರೆ ಒಗೆಯುವ ನನಗೆ ತಾಳ್ಮೆ ಎಂದು ಬರೆದ ಕೈ ಯಾರದು? ಮಗುವಿಗಾಗಿ ಬರೆದ ಚೀಟಿಯಲ್ಲಿ ನಾನು ಯಾಕೆ ನುಸುಳಿದೆ? ಬೆಳಿಗ್ಗೆ ಐದಕ್ಕೆ ಎದ್ದು ಹೊದಿಕೆ ಹಿಂಡುವ ತನ್ನನ್ನು ಯಾರಾದರೂ ನೋಡಲಿ, ಪಾಪ ದಯಾಮಣಿ ಎಷ್ಟು ಮಾಡುತ್ತಾಳೆ ಎನ್ನಲಿ, ಬಾಡಿಗೆ ಮಗು ಎಂದು ನಗುವವರ ಕಿವಿಗೂ ಬೀಳಲಿ ಎಂಬ ಸಣ್ಣದೊಂದು ಆಸೆ ಪೆನ್ನಿನ ತುದಿಯಲ್ಲಿ ಕೂತಿತ್ತಲ್ಲವೇ? ಹೌದು ಎನ್ನುತ್ತಿತ್ತು ಒಳಗಿನದು, ಹೌದು ಕಣೇ. ಆ ದಿನ ಮನೆಗೆ ಬಂದ ಪ್ರೇರಣಾ ಅಳಲಿಲ್ಲ. ಬಾತ್‌ರೂಮಿಗೆ ಹೋಗಿ ತನ್ನ ಹೊದಿಕೆಯನ್ನು ತಾನೇ ಒಗೆದಳು, ನೀರು ಹಿಂಡಲು ಕೈ ಸಾಲದೆ ಅರ್ಧ ಮನೆ ಒದ್ದೆ ಮಾಡಿ, ತಂತಿಗೆ ಎಟುಕದೆ ಸ್ಟೂಲು ಹಾಕಿಕೊಂಡು. ಕೊಡು ಎಂದರೆ ಕೊಡಲಿಲ್ಲ. ಅಂದಿನಿಂದ ಚಾಪೆ, ಅಂದಿನಿಂದ ಒಂದೊಂದು ಪದದ ಉತ್ತರ. ಮಾರನೆಯ ದಿನ ಅಯ್ಯನವರು, ಅವರ ಸಭೆಯ ಪಾದ್ರಿಗಳು, ಸ್ಕೂಟರಿನಲ್ಲಿ ಬಂದು ನೆಲದ ಮೇಲೆ ಕೂತು, “ತಪ್ಪಾಯ್ತಮ್ಮ, ನಮ್ಮ ಸಭೆಯಿಂದ ತಪ್ಪಾಯ್ತು” ಎಂದು ಹತ್ತು ವರ್ಷದವಳಿಗೆ ಕೈಮುಗಿದರು. ಅವಳು ಅವರಿಗೆ ನೀರು ತಂದುಕೊಟ್ಟು ಒಳಗೆ ಹೋದಳು. ದಯಾಮಣಿಯೂ ಅದೇ ರಾತ್ರಿ ಊಟಕ್ಕೆ ಬಡಿಸುತ್ತ ತಪ್ಪಾಯಿತು ಎಂದಿದ್ದಳು. “ಸಾರು ಸಾಕು” ಎಂಬ ಉತ್ತರ ಬಂದಿತ್ತು.

ಆಮೇಲೆ ಶುರುವಾಯಿತು ಇನ್ನೊಂದು. ಆರಾಧನೆ ಮುಗಿದು ಜನ ಅಂಗಳದಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಒಬ್ಬರಲ್ಲ ಒಬ್ಬರು ಪ್ರೇರಣಾಳನ್ನು ಮೂಲೆಯ ಸಿಮೆಂಟು ಬೆಂಚಿಗೆ ಕರೆದು, ತಲೆಗೆ ತಲೆ ತಾಗಿಸಿ ಏನೋ ಪಿಸುಗುಡುವುದು. ಒಂದು ವಾರ ಡಾಕ್ಟರ ಹೆಂಡತಿ, ಒಂದು ವಾರ ಗಣಿತದ ಮೇಷ್ಟ್ರು, ಒಂದು ವಾರ ಸ್ವತಃ ಅಯ್ಯನವರು. ಮಗು ಗಂಭೀರವಾಗಿ ಕೇಳಿಸಿಕೊಂಡು ತಲೆಯಾಡಿಸುತ್ತಿತ್ತು. ಏನು ಕೇಳುತ್ತಾರೆ? ಈಗಲೂ ಆಗುತ್ತಾ ಅಂತಲೇ? ಗಾಯದ ಹಕ್ಕಳೆ ಕಿತ್ತು ನೋಡುವ ಚಪಲ ಎಂದು ದಯಾಮಣಿಗೆ ಮೈ ಉರಿಯಿತು. ಮೇ ಎರಡನೇ ಭಾನುವಾರ ಸ್ಟೆಲ್ಲಾ ಟೀಚರ್ ಅದೇ ಬೆಂಚಿನಲ್ಲಿ, ಅದೂ ಅವರಿಗೆ ಬಾರದ ಪಿಸುಮಾತಿನಲ್ಲಿ ಒದ್ದಾಡುತ್ತ, ಮಗುವಿನ ಕಿವಿಗೆ ಬಾಯಿಟ್ಟಿದ್ದನ್ನು ಕಂಡು ಇವಳು ಹೋಗಿ ಎಲ್ಲರೆದುರಿಗೆ, “ಟೀಚರ್, ಓದಿದ್ದು ಸಾಕಾಗ್ಲಿಲ್ವಾ? ಮಗುನ ಬಿಟ್ಬಿಡಿ” ಎಂದುಬಿಟ್ಟಳು. ಟೀಚರ್ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಪ್ರೇರಣಾ ದಯಾಮಣಿಯನ್ನು ನೋಡಿದ ಆ ನೋಟ! ಕೋಪವಲ್ಲ, ಮಗ್ಗಿ ತಪ್ಪಿದವರನ್ನು ನೋಡುವ ನೋಟ.

ಸಮಿತಿಯ ಕಚೇರಿಯ ಗೇಟಿನಲ್ಲಿ ಆಟೋ ಇಳಿದಾಗ ಅಂಗಳದ ಹೊಂಗೆ ಮರದ ಕೆಳಗೆ ಅರ್ಧ ಸಭೆ ನಿಂತಿತ್ತು. ಅಯ್ಯನವರು ಬಿಳಿ ಷರಟಿನಲ್ಲಿ, ಡಾಕ್ಟರ ಹೆಂಡತಿ, ಮೇಷ್ಟ್ರು, ಬಿಟಿಎಮ್ಮಿನ ಗಂಡಹೆಂಡತಿ, ನಾಲ್ಕು ಹೆಜ್ಜೆ ಆಚೆ, ಬರಬಹುದೋ ಬಾರದೋ ಎಂಬ ಅನುಮಾನದಲ್ಲಿ, ಕೈಯಲ್ಲಿ ಐದು ಅಂತಸ್ತಿನ ಟಿಫನ್ ಕ್ಯಾರಿಯರ್ ಹಿಡಿದ ಸ್ಟೆಲ್ಲಾ ಟೀಚರ್. ಫೈಲು ಅವುಚಿಕೊಂಡು ಹೊರಗೆ ಬಂದ ಶಾಂತಲಾ ಹುಬ್ಬೇರಿಸಿದಳು. “ಇದೇನ್ ಮೇಡಂ, ಹಿಯರಿಂಗಾ ನಿಶ್ಚಿತಾರ್ಥನಾ? ಇಷ್ಟೊಂದು ಜನ! ಒಳಗೆ ಇಬ್ಬರೇ, ಮತ್ತೆ ಮಗು. ಉಳಿದೋರು ಯಾರೂ ಬರಂಗಿಲ್ಲ.”

“ನಾವು ಬರಲ್ಲಮ್ಮ” ಎಂದರು ಸ್ಟೆಲ್ಲಾ ಟೀಚರ್, ಗೇಟಿನಾಚೆಯ ರಸ್ತೆಗೂ ಕೇಳುವಂತೆ. “ಇಲ್ಲೇ ನಿಂತಿರ್ತೀವಿ. ಬೇಕಾದ್ರೆ ಕರೀರಿ, ಬೇಡ್ದಿದ್ರೆ ಬಿಡಿ. ಮರದ ಕೆಳಗೆ ನಿಲ್ಲೋಕೂ ಪರ್ಮಿಷನ್ ಬೇಕಾ?”

ಅವಮಾನದಿಂದ ದಯಾಮಣಿಗೆ ತಲೆ ಎತ್ತಲಾಗಲಿಲ್ಲ. ಇವರನ್ನೆಲ್ಲ ಯಾರು ಕರೆದರು? ಮಗುವಿನ ಮುಂದೆ ಮತ್ತದೇ ಗುಂಪು, ಅದೇ ಕಣ್ಣುಗಳು. ಆದರೆ ಪ್ರೇರಣಾ ಮರದ ಕಡೆ ತಿರುಗಿ ಒಂದು ಸಲ, ಗುರುತಿನವರಿಗೆ ಮಾಡುವಂತೆ, ಗತ್ತಿನಿಂದ ತಲೆಯಾಡಿಸಿ ಶಾಂತಲಾಳ ಹಿಂದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಮೊದಲು ಮಗುವನ್ನು ಒಬ್ಬಳನ್ನೇ ಕೇಳುವುದು ಅಲ್ಲಿನ ಪದ್ಧತಿ.

ನಲವತ್ತು ನಿಮಿಷ. ಕಾರಿಡಾರಿನ ಬೆಂಚಿನ ಒಂದು ಕಾಲು ಮೋಟು. ಪ್ರಮೋದ್ ಮೈ ಕದಲಿಸಿದಾಗಲೆಲ್ಲ ದಯಾಮಣಿ ಒಂದಿಂಚು ಮೇಲೇಳುತ್ತಿದ್ದಳು. ಎದುರು ಬೆಂಚಿನಲ್ಲಿ ಯಾವುದೋ ತಾಯಿ ಎಳೆಗೂಸಿಗೆ ಬಿಸ್ಕತ್ತು ನೆನೆಸಿ ತಿನ್ನಿಸುತ್ತಿದ್ದಳು. ಒಳಗೆ ಏನು ಹೇಳುತ್ತಿದ್ದಾಳೆ? ನನ್ನ ಗುಟ್ಟು ಹರಾಜು ಹಾಕಿದರು, ಆಮೇಲೆ ಸುಳ್ಳು ಹೇಳಿದರು ಎಂದು ಹೇಳಿದರೆ ಅದರಲ್ಲಿ ತಪ್ಪೇನಿದೆ? ಹೇಳಲಿ. ಹೇಳದಿದ್ದರೆ? ಹೇಳದೆ ತನ್ನನ್ನು ಕಾಪಾಡುವ ಹೊರೆಯನ್ನು ಮಗುವೇ ಹೊತ್ತರೆ? ಆ ಯೋಚನೆ ಬಂದದ್ದೇ ತಡ, ಹೊದಿಕೆ ಹಿಂಡಲಾಗದೆ ಸ್ಟೂಲಿನ ಮೇಲೆ ನಿಂತ ಎರಡು ಪುಟ್ಟ ಕೈಗಳು ಕಣ್ಣೆದುರು ಬಂದವು, ನೀರು ತೊಟ್ಟಿಕ್ಕುತ್ತ, ಕೊಡಲೊಲ್ಲದೆ. ಬಾಲಮಂದಿರ ಎಂಬ ಪದವನ್ನು ಅವಳು ಮನಸ್ಸಿನಲ್ಲಿ ಒಂದು ಸಲ ಪೂರ್ತಿ ಉಚ್ಚರಿಸಿ ನೋಡಿದಳು. ಖಾಲಿ ಮಂಚ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಬೆಳಿಗ್ಗೆ ಜಡೆ ಹೆಣೆಯುವ ಹೊತ್ತಿಗೆ ಕೆಲಸವಿಲ್ಲದ ಹತ್ತು ಬೆರಳು. ಅಷ್ಟನ್ನೂ ಕಂಡ ಮೇಲೂ ಕಾಲೂರಿ ನಿಲ್ಲಬಹುದು ಎಂದು, ವಿಚಿತ್ರವಾಗಿ, ಅನಿಸಿತು.

ಒಳಗೆ ಉದ್ದನೆಯ ಮೇಜು, ಮೂವರು ಸದಸ್ಯರು, ನಡುವೆ ಅಧ್ಯಕ್ಷೆ, ನರೆತ ಕೂದಲನ್ನು ಗಂಟು ಕಟ್ಟಿದ ಹೆಂಗಸು. ಬದಿಯ ಕುರ್ಚಿಯಲ್ಲಿ ಪ್ರೇರಣಾಳ ಕಾಲು ನೆಲಕ್ಕೆ ತಾಕದೆ ತೂಗುತ್ತಿದ್ದವು. ಅಧ್ಯಕ್ಷೆ ಶಾಂತಲಾಳ ವರದಿಯನ್ನು ಓದಿದರು: “ಮಗು ಮಿತವಾಗಿ ಮಾತನಾಡುತ್ತಿದ್ದು, ಸೆಕೆಯ ಕಾರಣ ನೆಲದ ಮೇಲೆ ಮಲಗುತ್ತಿರುವುದು ಕಂಡುಬಂದಿದೆ.” ಕನ್ನಡಕದ ಮೇಲಿಂದ ನೋಡಿ, “ಇದರ ಬಗ್ಗೆ ನೀವೇನಾದ್ರೂ ಹೇಳೋದಿದ್ಯಾ?” ಎಂದರು. ಮೇಜಿನ ಕೆಳಗೆ ಪ್ರಮೋದನ ಚಪ್ಪಲಿ ದಯಾಮಣಿಯ ಕಾಲಬೆರಳನ್ನು ಒತ್ತಿತು.

“ಸೆಕೆ ಅಲ್ಲ ಮೇಡಂ” ಎಂದಳು ದಯಾಮಣಿ. ಒತ್ತುತ್ತಿದ್ದ ಚಪ್ಪಲಿ ಸೋತು ಹಿಂದೆ ಸರಿಯಿತು. “ನಾನು ಸುಳ್ಳು ಹೇಳ್ದೆ. ಅವಳು ಯಾರಿಗೂ ಹೇಳ್ಬೇಡಿ ಅಂದಿದ್ದ ವಿಷಯನ ನಾನು ಚೀಟೀಲಿ ಬರ್ದು ಚರ್ಚಲ್ಲಿ ಓದೋ ಹಾಗೆ ಮಾಡ್ದೆ. ಮರೆತುಹೋಯ್ತು, ಖಾಸಗಿ ಅಂತ ಬರೀಲಿಲ್ಲ ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ಅದೂ ಪೂರ್ತಿ ನಿಜ ಅಲ್ಲ. ನಾನು ಎಷ್ಟು ಕಷ್ಟ ಪಡ್ತಿದೀನಿ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ನನಗಿತ್ತು. ಇದಕ್ಕೆ ನೀವು ಅವಳನ್ನ ಬೇರೆ ಕಡೆ ಕಳಿಸಿದ್ರೂ ನಾನು ತಪ್ಪು ಅನ್ನಲ್ಲ. ಆದ್ರೆ ಕಳಿಸ್ಬೇಡಿ.” ಕೊನೆಯ ಮಾತು ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ಮಾತು ಮುಗಿದಾಗ ಎದೆ, ಎಷ್ಟೋ ದಿನಗಳ ಮೇಲೆ ಕಿಟಕಿ ತೆರೆದ ಕೋಣೆಯ ಹಾಗೆ ಖಾಲಿಯಾಗಿ ತಣ್ಣಗಿತ್ತು.

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. “ಚೀಟಿ ವಿಷಯ ನಮಗೆ ಗೊತ್ತಿದೆ. ಸೆಕೆ ವಿಷಯಾನೂ ಗೊತ್ತಿದೆ. ಅರ್ಧ ಗಂಟೆಯಿಂದ ಅದೇ ಕೇಳ್ತಿದೀವಿ. ನೀವು ಹೇಳ್ತೀರೋ ಇಲ್ವೋ ಅಂತ ನೋಡ್ಬೇಕಿತ್ತು.” ಆಮೇಲೆ ಬದಿಗೆ ತಿರುಗಿ, “ಪ್ರೇರಣಾ, ನನಗೆ ಹೇಳಿದ್ದನ್ನ ಇವರ ಮುಂದೆನೂ ಹೇಳ್ತೀಯಾ? ಇಷ್ಟ ಇದ್ರೆ ಮಾತ್ರ.”

“ನಂಗೆ ಕೋಪ ಬಂದಿತ್ತು” ಎಂದಳು ಪ್ರೇರಣಾ, ದಯಾಮಣಿಯ ಕಡೆ ನೋಡದೆ. “ಅಪ್ಪಾಜಿ ಹೋಗೋ ಹಿಂದಿನ ದಿನ ನಾನು ಅಪ್ಪಾಜಿ ಮೇಲೆ ಕೋಪ ಮಾಡ್ಕೊಂಡು ಮಾತು ಬಿಟ್ಟಿದ್ದೆ. ಅದಕ್ಕೇ ಹೋದ್ರು ಅನ್ಕೊಂಡಿದ್ದೆ. ಆಂಟಿ ಮೇಲೂ ಕೋಪ ಮಾಡ್ಕೊಂಡೆ. ಎಷ್ಟು ದಿನಕ್ಕೆ ಕಳಿಸ್ತಾರೆ ಅಂತ ನೋಡ್ತಿದ್ದೆ. ಏಪ್ರಿಲ್ ಆಯ್ತು, ಮೇ ಆಯ್ತು. ಕಳಿಸ್ಲೇ ಇಲ್ಲ. ದಿನಾ ಜಡೆ ಹಾಕಿದ್ರು.” ಅಧ್ಯಕ್ಷೆಯ ಕಡೆ ತಿರುಗಿ, “ಕೆಳಗೆ ಮಲಗಿದ್ದು ಯಾಕಂದ್ರೆ ನೆಲ ಒರೆಸ್ಬಹುದು, ಹಾಸಿಗೆ ಒರೆಸೋಕಾಗಲ್ಲ.”

“ಮತ್ತೆ ಚರ್ಚಿನವರು?” ಎಂದರು ಅಧ್ಯಕ್ಷೆ. ಅವರ ತುಟಿಯಂಚಿನಲ್ಲಿ ಏನೋ ಮಿಸುಕುತ್ತಿತ್ತು.

“ಅವರೂ ಒಬ್ಬೊಬ್ಬರೇ ಬಂದು ಹೇಳಿದ್ರು ಮೇಡಂ. ಚಿಕ್ಕವರಿದ್ದಾಗ ಅವರಿಗೂ ಆಗ್ತಿತ್ತಂತೆ. ಒಟ್ಟು ಹನ್ನೊಂದು ಜನ. ಒಬ್ಬರಿಗೆ ಹಾಸ್ಟೆಲಲ್ಲಿ ಹಾಸಿಗೆ ತಲೆ ಮೇಲೆ ಹೊರಿಸಿ ಗ್ರೌಂಡ್ ಸುತ್ತಿಸಿದ್ರಂತೆ. ಒಬ್ಬರಿಗೆ ಮದುವೆ ಆಗೋ ವರ್ಷದ ತನಕ ಇತ್ತಂತೆ!”

ಒಬ್ಬ ಸದಸ್ಯರು ಕೆಮ್ಮಿದರು. ದಯಾಮಣಿ ಅಯ್ಯನವರನ್ನು, ಮೇಷ್ಟ್ರನ್ನು, ಒದ್ದಾಡುತ್ತ ಪಿಸುಗುಟ್ಟುತ್ತಿದ್ದ ಸ್ಟೆಲ್ಲಾ ಟೀಚರನ್ನು ನೆನೆದಳು. ಸಿಮೆಂಟು ಬೆಂಚಿನಲ್ಲಿ ಅವರು ಕೇಳುತ್ತಿದ್ದುದಲ್ಲ, ಒಪ್ಪಿಸುತ್ತಿದ್ದುದು. ಅರವತ್ತೆಂಟು ವರ್ಷದ ಹೆಂಗಸು ಜೀವಮಾನದಲ್ಲಿ ಯಾರಿಗೂ ಹೇಳದ್ದನ್ನು ಹೇಳುತ್ತ ಕೂತಿದ್ದಾಗ ತಾನು ಹೋಗಿ, ಓದಿದ್ದು ಸಾಕಾಗಲಿಲ್ಲವೇ ಎಂದಿದ್ದಳು. ನಾಚಿಕೆ ಬಂತು, ಅದರ ಬೆನ್ನಿಗೇ ನಗುವೂ ಬಂತು, ಎರಡನ್ನೂ ಒಟ್ಟಿಗೆ ಹೇಗೆ ಹಿಡಿಯುವುದೋ ತಿಳಿಯದೆ ಗಂಡನ ಕಡೆ ನೋಡಿದಳು. ಪ್ರಮೋದ್ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಕಿವಿಗಳು ಅಷ್ಟು ಕೆಂಪಾದದ್ದನ್ನು ಅವಳು ಕಂಡಿರಲಿಲ್ಲ.

“ಮದುವೆ ತನಕಾನಾ? ಯಾರಪ್ಪಾ ಅದು?” ಎಂದರು ಕೆಮ್ಮಿದ ಸದಸ್ಯರು, ನಗುತ್ತ.

ಪ್ರೇರಣಾಳ ಕಾಲು ತೂಗುವುದು ನಿಂತಿತು. “ಹೆಸರು ಹೇಳೋಕಾಗಲ್ಲ ಸಾರ್. ಅವರು ನಂಗೆ ಹೇಳಿದ್ದು. ಎಲ್ರಿಗೂ ಹೇಳಿದ್ದಲ್ಲ.”

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು, ಹಾಗಾಗಿಯೇ ನೇರವಾಗಿ ಹೋಗಿ ತಾಕಿತು. ಪ್ರಶ್ನೆ ಕೇಳಿದವರು “ಹೌದಮ್ಮ, ಸರಿ” ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತರು. ದಯಾಮಣಿಗೆ ಕಣ್ಣಲ್ಲಿ ನೀರಾಡಿತು. ದುಃಖದ್ದಲ್ಲ, ಮಗಳು ಮೊದಲ ಸಲ ಸೈಕಲ್ಲು ಬಿಟ್ಟುಕೊಂಡು ಬೀದಿಯ ಕೊನೆಯವರೆಗೂ ಹೋದದ್ದನ್ನು ಕಂಡವರಿಗೆ ಬರುತ್ತದಲ್ಲ, ಅಂಥದ್ದು.

“ಎಲ್ಲಿರ್ಬೇಕು ಅಂತ ಇದೆ ನಿನಗೆ?” ಎಂದರು ಅಧ್ಯಕ್ಷೆ.

“ಇವರ ಮನೇಲೇ. ಆದ್ರೆ ಒಂದು ಕಂಡೀಷನ್ ಹಾಕ್ಬಹುದಾ?”

“ಹಾಕು.”

“ನನ್ನ ಬಗ್ಗೆ ಪ್ರಾರ್ಥನೆ ಮಾಡೋಕೆ ಮುಂಚೆ ನನ್ನ ಕೇಳ್ಬೇಕು.”

ಅಧ್ಯಕ್ಷೆ ಗುಮಾಸ್ತರ ಕಡೆ ತಿರುಗಿ ಬರೆಸತೊಡಗಿದರು. ಮಗುವಿನ ಇಚ್ಛೆ ಹಾಗೂ ಹಿತಾಸಕ್ತಿಯನ್ನು ಪರಿಗಣಿಸಿ ಪೋಷಕತ್ವವನ್ನು ಮುಂದುವರಿಸಲಾಗಿದೆ. ಮಗುವಿನ ಪೂರ್ವಾನುಮತಿ ಇಲ್ಲದೆ ಮಗುವಿನ ವೈಯಕ್ತಿಕ ವಿಚಾರವನ್ನು ಯಾವುದೇ ಸಭೆ, ಪ್ರಾರ್ಥನೆ ಇತ್ಯಾದಿಗಳಲ್ಲಿ ಪ್ರಸ್ತಾಪಿಸತಕ್ಕದ್ದಲ್ಲ. “ಇತ್ಯಾದಿ ಅಂದ್ರೆ ವಾಟ್ಸಾಪೂ ಸೇರುತ್ತಾ ಮೇಡಂ?” ಎಂದಳು ಪ್ರೇರಣಾ. “ಸೇರುತ್ತೆ.” “ಕೆಳಗಿನ ಮನೆ ಆಂಟಿ?” “ಆ ಆಂಟೀನೂ ಇತ್ಯಾದೀಲೇ ಬರ್ತಾರೆ” ಎಂದರು ಅಧ್ಯಕ್ಷೆ, ಮುಖ ಸಡಿಲಿಸದೆ. ಸಹಿ ಹಾಕುವಾಗ ಅವರ ಭುಜ ಅಲುಗುತ್ತಿತ್ತು.

ಹೊರಗೆ ಬಂದಾಗ ಮರದ ಕೆಳಗಿನವರೆಲ್ಲ ಒಮ್ಮೆಗೇ ಎದ್ದು ನಿಂತರು. ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ದಯಾಮಣಿ ಆದೇಶದ ಪ್ರತಿಯನ್ನು ಎತ್ತಿ ತೋರಿಸಿ ಜೋರಾಗಿ ತಲೆಯಾಡಿಸಿದಳು. ಡಾಕ್ಟರ ಹೆಂಡತಿ ಕೂಗಿಯೇಬಿಟ್ಟಳು, ಮೇಷ್ಟ್ರು ಚಪ್ಪಾಳೆ ತಟ್ಟಿದರು, ಗೇಟಿನ ಕಾವಲುಗಾರ ಏನಾಯಿತೋ ಎಂದು ಬೀಡಿ ಬಿಸಾಕಿ ಓಡಿಬಂದ. ದಯಾಮಣಿ ನೇರವಾಗಿ ಸ್ಟೆಲ್ಲಾ ಟೀಚರ ಬಳಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. “ಟೀಚರ್, ಅವತ್ತು ನಾನು...” “ಆಯ್ತು ಬಿಡೇ” ಎಂದರು ಟೀಚರ್, “ನಾನೂ ಓದ್ಬಾರ್ದಿತ್ತು, ನೀನೂ ಬೈಬಾರ್ದಿತ್ತು. ಲೆವೆಲ್ಲಾಯ್ತು. ಈ ಕ್ಯಾರಿಯರ್ ಹಿಡ್ಕೋ, ಕೈ ಬಿದ್ದೋಗಿದೆ.”

ಅಯ್ಯನವರ ಮುಖ ಅರಳಿತ್ತು. ವರ್ಷಗಳ ರೂಢಿ ಸುಮ್ಮನಿರುತ್ತದೆಯೇ? ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, “ಪ್ರಾರ್ಥಿಸೋಣ” ಎಂದರು. ಸ್ಕೂಟರುಗಳ ನಡುವೆ ನಿಂತಿದ್ದ ಅಷ್ಟೂ ಜನ ತಲೆ ಬಾಗಿಸಿದರು. “ಪರಲೋಕದಲ್ಲಿರುವ ತಂದೆಯೇ, ಈ ನಿನ್ನ ಮಗಳು ಪ್ರೇ...” ಅಷ್ಟಕ್ಕೇ ದಯಾಮಣಿ, “ಅಯ್ಯನವರೇ, ತಡೀರಿ!” ಎಂದಳು. ಆದೇಶದ ಎರಡನೇ ಪ್ಯಾರಾದ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದಳು. ಅಯ್ಯನವರು ಒಂದು ಕಣ್ಣು ಬಿಟ್ಟು ಓದಿದರು, ಆಮೇಲೆ ಎರಡೂ ಬಿಟ್ಟು ಓದಿದರು. ಕೈ ಇಳಿಸಿದರು. ಪರಲೋಕದ ತಂದೆಯನ್ನು ಅರ್ಧದಲ್ಲೇ ಕಾಯಲು ಬಿಟ್ಟು, ಮೊಣಕಾಲೂರಿ ಕೂತು, ಹುಡುಗಿಯ ಎತ್ತರಕ್ಕೆ ಬಂದು ಕೇಳಿದರು: “ಮಾಡ್ಬಹುದಾಮ್ಮ?”

ಪ್ರೇರಣಾ ಬಾಗಿದ ತಲೆಗಳನ್ನು ಒಂದೊಂದಾಗಿ ನೋಡಿದಳು, ಮೇಷ್ಟ್ರ ಬೋಳುತಲೆ, ಡಾಕ್ಟರ ಹೆಂಡತಿಯ ಮಲ್ಲಿಗೆ, ಪ್ರಮೋದ್ ಅಂಕಲ್‌ನ ಕೆಂಪು ಕಿವಿ. ಅಧಿಕಾರ ಕೈಗೆ ಬಂದವರು ಅದರ ತೂಕ ನೋಡುವ ಹಾಗೆ. ಯಾರೂ ಮಿಸುಕಲಿಲ್ಲ. ಇಷ್ಟು ದೊಡ್ಡವರು ಇಷ್ಟು ಹೊತ್ತು ತನಗಾಗಿ ತಲೆ ಬಾಗಿಸಿಕೊಂಡು ಕಾಯುವುದನ್ನು ಅವಳು ಆತುರವಿಲ್ಲದೆ ಅನುಭವಿಸಿದಳು.

“ಮಾಡಿ” ಎಂದಳು ಕೊನೆಗೆ. “ಆದ್ರೆ ಚಿಕ್ಕದು. ನಂಗೆ ಹಸಿವಾಗ್ತಿದೆ.”